ತುಮಕೂರಿನ ರೋಗಿಗಳನ್ನು ಕೇಳಿದ ಪ್ರಶ್ನೆ: ಆರೋಗ್ಯ ಆಡಳಿತ ಸಂಶೋಧನೆಯ ಒಂದು ಪೂರ್ವಕಥನ

ಯಾವ ಔಷಧದಿಂದ ರೋಗ ಗುಣವಾಗುತ್ತದೆ ಎಂದು ತಿಳಿದರೆ ಸಾಲದು, ಆ ಔಷಧ ರೋಗಿಯ ಕೈ ಸೇರುವ ದಾರಿಯಲ್ಲಿ ಎಲ್ಲೆಲ್ಲಿ ತಡೆಯಿದೆ ಎಂಬುದನ್ನೂ ಶಾಸ್ತ್ರೀಯವಾಗಿ ಅಳೆಯಬೇಕು ಎಂಬ ವಿಚಾರಕ್ಕೆ ಭಾರತದಲ್ಲಿ ಸ್ಪಷ್ಟ ರೂಪ ದೊರೆತದ್ದು ಕ್ಷಯರೋಗದ ವಿರುದ್ಧದ ಹೋರಾಟದಲ್ಲಿ. ಆರೋಗ್ಯ ಸೇವೆಯ ಏರ್ಪಾಡನ್ನೇ ಅಧ್ಯಯನದ ವಸ್ತುವಾಗಿಸಿಕೊಳ್ಳುವ ಈ ಬಗೆಯನ್ನು ಕಾರ್ಯಾಚರಣಾ ಸಂಶೋಧನೆ ಎನ್ನುತ್ತಾರೆ. ಇಂದು ಆಸ್ಪತ್ರೆ ಆಡಳಿತವನ್ನು ಕಲಿಯುವವರು ಓದುವ ಸಂಶೋಧನಾ ವಿಧಾನಗಳ ಪಾಠಕ್ಕೆ ಈ ನೆಲದಲ್ಲಿಯೇ ಒಂದು ಹಿರಿಯ ಪರಂಪರೆಯಿದ್ದು, ಅದರ ಮುಖ್ಯ ನೆಲೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನೊಡನೆ 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ.

ಸಂಸ್ಥೆ ಹುಟ್ಟುವ ಹೊತ್ತಿಗೆ ಎರಡು ಅಧ್ಯಯನಗಳು ಹಳೆಯ ನಂಬಿಕೆಗಳನ್ನು ಅಲುಗಾಡಿಸಿದ್ದವು. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯು ಕ್ಷಯ ಪಟ್ಟಣಗಳ ರೋಗವೆಂಬ ಎಣಿಕೆಯನ್ನು ಅಳಿಸಿ, ಹಳ್ಳಿಗಳಲ್ಲಿಯೂ ಅದು ಹೆಚ್ಚುಕಡಿಮೆ ಅಷ್ಟೇ ಹರಡಿದೆ ಎಂದು ತೋರಿಸಿತು. ಮದರಾಸಿನಲ್ಲಿ 193 ರೋಗಿಗಳನ್ನು ಯಾದೃಚ್ಛಿಕವಾಗಿ, ಅಂದರೆ ವೈದ್ಯರ ಆಯ್ಕೆಗೆ ಎಡೆಯಿಲ್ಲದ ರೀತಿಯಲ್ಲಿ, ಎರಡು ಗುಂಪುಗಳಾಗಿ ಹಂಚಿ, ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿಯೂ ಇನ್ನೊಂದಕ್ಕೆ ಮನೆಯಲ್ಲಿಯೂ ಚಿಕಿತ್ಸೆ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 1959ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಮಾತ್ರೆ ನುಂಗಿದವರೂ ಬಹುಮಟ್ಟಿಗೆ ಅಷ್ಟೇ ಚೆನ್ನಾಗಿ ಗುಣಮುಖರಾಗಿದ್ದರು, ಅವರ ಮನೆಯವರಿಗೆ ಹೆಚ್ಚಿನ ಅಪಾಯವೂ ಒದಗಿರಲಿಲ್ಲ. ಹಾಸಿಗೆಗಳ ಕೊರತೆಯೇ ದೊಡ್ಡ ಅಡ್ಡಿಯೆಂಬ ವಾದ ಇದರಿಂದ ಬಿದ್ದುಹೋಯಿತಾದರೂ, ಹಳ್ಳಿಗಳಲ್ಲಿ ಚದುರಿಹೋಗಿರುವ ರೋಗಿಗಳನ್ನು ಹುಡುಕುವ ಬಗೆ ಹೇಗೆಂಬುದು ಬಗೆಹರಿಯದೆ ಉಳಿದಿತ್ತು.

ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ತಾವಾಗಿ ಅವರು ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಎಕ್ಸ್‌ರೇ ವಾಹನಗಳೇ ಊರೂರಿಗೆ ಹೋಗಬೇಕು ಎಂಬುದು ಅಂದಿನ ಅನೇಕ ತಜ್ಞರ ನಿಲುವಾಗಿತ್ತು. ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿದ್ದ, ವೈದ್ಯರೂ ಸಮಾಜವಿಜ್ಞಾನಿಯೂ ಆಗಿದ್ದ ಡಿ. ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಈ ನಿಲುವನ್ನು ತುಮಕೂರು ಜಿಲ್ಲೆಯಲ್ಲಿ ಪರೀಕ್ಷೆಗೊಡ್ಡಿದರು. ಆ ಜಿಲ್ಲೆಯಲ್ಲಿ ಆಗಷ್ಟೇ ನಡೆದಿದ್ದ ಕ್ಷಯ ಸಮೀಕ್ಷೆಯಲ್ಲಿ ಗುರುತಿಸಲಾದವರನ್ನು, ಅವರ ಜೊತೆಗೆ ಹೋಲಿಕೆಗಾಗಿ ರೋಗವಿಲ್ಲದವರನ್ನೂ ಮಾತನಾಡಿಸಿ, ಕೆಮ್ಮು, ಜ್ವರ, ಎದೆನೋವುಗಳ ಅರಿವು ಅವರಿಗಿತ್ತೇ, ಅವುಗಳಿಂದ ಅವರು ಕಳವಳಗೊಂಡಿದ್ದರೇ, ಪರಿಹಾರಕ್ಕಾಗಿ ಏನಾದರೂ ಮಾಡಿದ್ದರೇ ಎಂದು ಹಂತಹಂತವಾಗಿ ವಿಚಾರಿಸಲಾಯಿತು. ರೋಗವಿಲ್ಲದವರನ್ನೂ ಕೇಳಿದ್ದಕ್ಕೆ ಕಾರಣವಿದೆ: ಎಲ್ಲರಿಗೂ ಆಗಾಗ ಬರುವ ಕೆಮ್ಮಿಗೂ ಕ್ಷಯದ ಕೆಮ್ಮಿಗೂ ಇರುವ ಅಂತರ ಅಂತಹ ಹೋಲಿಕೆಯಿಲ್ಲದೆ ಗೋಚರಿಸುವುದಿಲ್ಲ. 1963ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಫದಲ್ಲಿ ರೋಗಾಣು ಕಂಡುಬಂದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯನ್ನು ಅರಸಿಯೂ ಹೋಗಿದ್ದರು. ಆದರೆ ಕಫ ಪರೀಕ್ಷೆಯ ಗೋಜಿಗೇ ಹೋಗದೆ ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳಿಸುವುದು ಆಸ್ಪತ್ರೆಗಳ ವಾಡಿಕೆಯಾಗಿತ್ತು. ಕೊರತೆ ರೋಗಿಯ ಬುದ್ಧಿಯಲ್ಲಿರಲಿಲ್ಲ, ಸೇವೆಯಲ್ಲಿತ್ತು. ಪರಿಮಿತ ಹಣದಲ್ಲಿ ನಡೆದ ಭಾರತದ ಆರೋಗ್ಯ ಸಂಶೋಧನೆಗಳಲ್ಲಿ ಇಷ್ಟು ದೂರ ತಲುಪಿದ ತೀರ್ಮಾನ ಹೆಚ್ಚಿಲ್ಲ.

ಫಲಿತಾಂಶ ಅಚ್ಚಾಗುವ ಮೊದಲೇ, 1962ರಲ್ಲಿ ರೂಪುಗೊಂಡ ಜಿಲ್ಲಾ ಕ್ಷಯ ಕಾರ್ಯಕ್ರಮವು ಈ ತಿಳಿವನ್ನೇ ಆಧಾರವಾಗಿರಿಸಿಕೊಂಡು, ಕ್ಷಯದ ಕೆಲಸವನ್ನು ಪ್ರತ್ಯೇಕ ದಳದ ಪಾಲಿಗೆ ಬಿಡದೆ ಸಾಮಾನ್ಯ ಆರೋಗ್ಯ ಕೇಂದ್ರಗಳಿಗೆ ವಹಿಸಿತು. ಜಿಲ್ಲೆಗಳ ವೈದ್ಯಾಧಿಕಾರಿ, ಪ್ರಯೋಗಾಲಯ ತಂತ್ರಜ್ಞ, ಎಕ್ಸ್‌ರೇ ತಂತ್ರಜ್ಞ, ಚಿಕಿತ್ಸಾ ಸಂಘಟಕ, ಅಂಕಿಅಂಶ ಸಹಾಯಕ ಇವರೆಲ್ಲ ಒಂದೇ ತಂಡವಾಗಿ ಬೆಂಗಳೂರಿಗೆ ಬಂದು ತರಬೇತಿ ಪಡೆದು ಹೋಗುತ್ತಿದ್ದರು.

ಇದೇ ಸಂಸ್ಥೆಯ ಇನ್ನೊಂದು ದೊಡ್ಡ ಅಧ್ಯಯನವನ್ನು ಓದುವಾಗ ಮನಸ್ಸು ಅಷ್ಟು ನಿರಾಳವಾಗಿರುವುದಿಲ್ಲ. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಾಲ್ಕು ಸುತ್ತು ಸಮೀಕ್ಷೆ ನಡೆಯಿತು. ಸಂಘಟಿತ ಕ್ಷಯ ನಿಯಂತ್ರಣ ಕ್ರಮಗಳು ಬಹುತೇಕ ಇಲ್ಲದಿದ್ದ ಆ ಹಳ್ಳಿಗಳಲ್ಲಿ, ಪತ್ತೆಯಾದ ರೋಗಿಗಳ ಪೈಕಿ ನೂರಕ್ಕೆ ಸುಮಾರು 49 ಮಂದಿ ಐದು ವರ್ಷಗಳಲ್ಲಿ ಸತ್ತಿದ್ದರು, ಸುಮಾರು 32 ಮಂದಿ ಗುಣವಾಗಿದ್ದರು, ಉಳಿದವರ ಕಫದಲ್ಲಿ ರೋಗಾಣು ಹಾಗೆಯೇ ಇತ್ತು. ಚಿಕಿತ್ಸೆಯಿಲ್ಲದ ಕ್ಷಯದ ಗತಿಯನ್ನು ವಿವರಿಸಲು ಈ ಅಂಕಿಗಳನ್ನು ಜಗತ್ತಿನ ವಿದ್ವಾಂಸರು ಇಂದಿಗೂ ಉಲ್ಲೇಖಿಸುತ್ತಾರೆ. ಎಣಿಸಲು ಹೋದವನು ಎಣಿಕೆಗೆ ಸಿಕ್ಕ ರೋಗಿಗೆ ಎಷ್ಟರಮಟ್ಟಿಗೆ ಋಣಿ ಎಂಬ ಪ್ರಶ್ನೆಯನ್ನು ಅದೇ ಅಂಕಿಗಳು ಎತ್ತುತ್ತವೆ. ವಿಧಾನ ಎಷ್ಟೇ ನಿರ್ದುಷ್ಟವಾಗಿದ್ದರೂ ಈ ಪ್ರಶ್ನೆಗೆ ವಿಧಾನದೊಳಗೆ ಉತ್ತರವಿಲ್ಲ.

ಉತ್ತರ ಹುಡುಕುವ ಲಿಖಿತ ನಿಯಮಗಳು ನಿಧಾನವಾಗಿ ಬಂದವು. ಹೆಲ್ಸಿಂಕಿ ಘೋಷಣೆ 1964ರದು; ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ನೀತಿ ಹೇಳಿಕೆ 1980ರದು. ಕರ್ನಾಟಕದವರಾದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಮಿತಿ ಸಿದ್ಧಪಡಿಸಿದ ಮಾರ್ಗಸೂಚಿ 2000ದಲ್ಲಿ ಹೊರಬಂದು, ವಿಷಯವನ್ನು ಅರಿತು ಕೊಡುವ ಸಮ್ಮತಿ ಮತ್ತು ನೈತಿಕ ಸಮಿತಿಯ ಪೂರ್ವಾನುಮತಿಗಳನ್ನು ವಿಸ್ತಾರವಾಗಿ ನಿರೂಪಿಸಿತು. 2017ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ಸಂಶೋಧನೆಗೂ ಸಮಾಜವಿಜ್ಞಾನದ ಸಂಶೋಧನೆಗೂ ಬೇರೆ ಬೇರೆ ಅಧ್ಯಾಯಗಳಿರುವುದರಿಂದ, ಸೂಜಿ ಚುಚ್ಚದೆ ಬರೀ ಪ್ರಶ್ನೆ ಕೇಳುವ ಸಂಶೋಧಕನೂ ಈ ನಿಯಮಗಳ ವ್ಯಾಪ್ತಿಗೆ ಬರುತ್ತಾನೆ.

ಆರೋಗ್ಯ ಆಡಳಿತವನ್ನು ಕಲಿಸುವ ಕರ್ನಾಟಕದ ಕಾಲೇಜುಗಳು ಸಂಶೋಧನಾ ವಿಧಾನವನ್ನೂ ನೀತಿಯನ್ನೂ ಎರಡು ಬೇರೆ ಪಾಠಗಳಾಗಿ ಒಪ್ಪಿಸದೆ, ತುಮಕೂರಿನ ಅಧ್ಯಯನವನ್ನೂ ಬೆಂಗಳೂರು ಜಿಲ್ಲೆಯ ಸಮೀಕ್ಷೆಯನ್ನೂ ವಿದ್ಯಾರ್ಥಿಗಳ ಕೈಯಲ್ಲಿ ಒಟ್ಟಿಗೆ ಇಟ್ಟು ಓದಿಸಬೇಕು.