ಪಕ್ಕದ ಮನೆಯ ಜರ್ಮನ್ ಕತ್ತಿ

ವೈದ್ಯರಿಗೂ ಕತ್ತಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನಾವು ದಂಪತಿಗಳಿಬ್ಬರೂ ಸರ್ಜನ್ನರೂ ಅಲ್ಲ! ಆದರೆ ನಮ್ಮ ಇತಿಹಾಸದ ಹುಚ್ಚನ್ನು ಬಲ್ಲ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಕಳೆದ ಚಳಿಗಾಲದಲ್ಲಿ ಉದ್ದನೆಯದೊಂದು ಕತ್ತಿಯನ್ನು ನಮ್ಮ ಊಟದ ಮೇಜಿನ ಮೇಲಿಟ್ಟರು. "ನನ್ನ ತಂದೆ 1918ರಲ್ಲಿ ಫ್ರಾನ್ಸಿನಲ್ಲಿ ಜರ್ಮನ್ ಅಧಿಕಾರಿಯೊಬ್ಬನನ್ನು ಸೆರೆಹಿಡಿದು ತಂದದ್ದು. ಮೊಮ್ಮಗನಿಗೆ ಕೊಡುವ ಮೊದಲು ಇದರ ಮೂಲ ತಿಳಿಯಬೇಕು" ಎಂದರು.

ರೋಗಿಯನ್ನು ಪರೀಕ್ಷಿಸುವಂತೆ ಮೊದಲು ಬರಿಗಣ್ಣಿನಿಂದ ನೋಡಿದೆವು. ನೇರ ಅಲಗು, ಕಪ್ಪು ಹಿಡಿ. ಹಿಡಿಯ ಹತ್ತಿರ ಅಲಗಿನ ಮೇಲೆ ಎರಡು ಪುಟ್ಟ ತಲೆಗಳು, ಒಂದು ರಾಜನದು, ಇನ್ನೊಂದು ಶಿರಸ್ತ್ರಾಣ ತೊಟ್ಟ ಯೋಧನದು. ಇದು ಜೋಲಿಂಗೆನ್ ಪಟ್ಟಣದ ವೈಯರ್ಸ್‌ಬೆರ್ಗ್ ಮತ್ತು ಕಿರ್ಶ್‌ಬೌಮ್ ಮನೆತನಗಳು 1883ರಲ್ಲಿ ಒಂದಾಗಿ ಕಟ್ಟಿದ ಕಾರ್ಖಾನೆಯ ಗುರುತು. ಆದರೆ ಜೋಲಿಂಗೆನ್ ಅನೇಕ ದೇಶಗಳಿಗೆ ಅಲಗು ಮಾರಿದ ಊರು. ಹಿಂದೆ ನಮ್ಮ ದಖ್ಖನಿನ ಸರದಾರರೂ ಯುರೋಪಿನ ಅಲಗಿಗೆ ದೇಶೀ ಹಿಡಿ ಹಾಕಿಸಿ 'ಫಿರಂಗಿ' ಎಂದು ಕರೆಯುತ್ತಿದ್ದರು. ಜರ್ಮನ್ ಅಲಗುಗಳೂ ಅವುಗಳಲ್ಲಿದ್ದವು. (ನಮಗೆ ಫಿರಂಗಿ ಎಂದರೆ ತೋಪು ಮಾತ್ರ ಗೊತ್ತಿತ್ತು.) ಆದ್ದರಿಂದ ಈ ಗುರುತು ಹೇಳುವುದು ಹುಟ್ಟಿದೂರನ್ನಷ್ಟೇ, ಯಾರ ಸೇವೆಯಲ್ಲಿತ್ತು ಎಂಬುದನ್ನಲ್ಲ.

ಅದನ್ನು ಹೇಳಿದ್ದು ಕೈ ಕಾಯುವ ಉಕ್ಕಿನ ತಟ್ಟೆಯ ಮೇಲಿನ ಹದ್ದು. 1871ರಲ್ಲಿ ಜರ್ಮನಿ ಒಂದಾದರೂ ಬವೇರಿಯ, ಸಾಕ್ಸನಿ, ವ್ಯೂರ್ಟೆಂಬೆರ್ಗ್ ರಾಜ್ಯಗಳು ತಮ್ಮ ಸೈನ್ಯವನ್ನೂ ಲಾಂಛನವನ್ನೂ ಉಳಿಸಿಕೊಂಡಿದ್ದವು. ಹದ್ದು ಪ್ರಷ್ಯದ್ದು. ಅಲಗಿನ ಬೆನ್ನಿನ ಮೇಲೆ ಕಿರೀಟ, 'ಡಬ್ಲ್ಯು' ಅಕ್ಷರ, ಕೆಳಗೆ 92. ಇಬ್ಬರು ವಿಲ್ಹೆಲ್ಮರಿಗೂ ಅದೇ ಅಕ್ಷರ. ಆದರೆ ಮೊದಲನೆಯವನು 1888ರಲ್ಲೇ ತೀರಿಕೊಂಡಿದ್ದರಿಂದ ಇದು ಎರಡನೆಯವನ ಕಾಲದ್ದು, 1892ರದು. ಕತ್ತಿಯ ಮಾದರಿ 1889ರ ಅಶ್ವದಳದ್ದು.

ತಟ್ಟೆಯ ಮೇಲೆ ಸವೆದ ಇನ್ನೊಂದು ಸಾಲಿತ್ತು: 3.ಯು.2.15. ಎಂದರೆ 3ನೆಯ ಉಲಾನ್ ಭರ್ಜಿ ಸವಾರರ ರೆಜಿಮೆಂಟು, 2ನೆಯ ತುಕಡಿ, 15ನೆಯ ಕತ್ತಿ. ಆ ರೆಜಿಮೆಂಟಿನ ಠಾಣೆ ಬರ್ಲಿನ್ ಬಳಿಯ ಫ್ಯೂರ್ಸ್ಟೆನ್‌ವಾಲ್ಡೆ. (ಗರಾಜ್ ಸೇಲಿನಲ್ಲಿ ನಿಮಗೂ ಇಂಥದ್ದು ಸಿಕ್ಕರೆ ದಯವಿಟ್ಟು ಸ್ಯಾಂಡ್‌ಪೇಪರ್ ಮುಟ್ಟಿಸಬೇಡಿ, ಮೊದಲು ಅಳಿಯುವುದು ಈ ಅಕ್ಷರಗಳೇ.)

ಇಲ್ಲೇ ತೊಡಕು. ಅಧಿಕಾರಿಗಳು ಕತ್ತಿಯನ್ನು ಸ್ವಂತ ಹಣದಿಂದ ಕೊಳ್ಳುತ್ತಿದ್ದರು. ಅದಕ್ಕೆ ತುಕಡಿಯ ಸಂಖ್ಯೆ ಹೊಡೆಯುವ ಪದ್ಧತಿಯಿರಲಿಲ್ಲ. ಇದು ಸರ್ಕಾರ ಸಾಮಾನ್ಯ ಸವಾರನಿಗೆ ಕೊಟ್ಟದ್ದು. ರೋಗಿಗೆ ವರದಿ ಹೇಳುವುದು ನಮಗೆ ದಿನದ ಕೆಲಸ. ತಂದೆಯ ಕಥೆಯನ್ನು ಮಗಳೆದುರು ತಿದ್ದುವುದು ಹಾಗಲ್ಲ. ಕತ್ತಿ ಅಸಲಿ, 1918ರ ಮಾತಿಗೂ ಅಡ್ಡಿಯಿಲ್ಲ ಎಂದು ಮೊದಲು ಹೇಳಿ, ಆಮೇಲೆ ಉಳಿದದ್ದನ್ನು ಹೇಳಿದೆವು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಆ 15ನೆಯವನ ಹೆಸರೇನು?" ಎಂದರು. ಪ್ರಷ್ಯನ್ ಸೈನ್ಯದ ಕಡತಗಳಲ್ಲಿ ಬಹುಪಾಲು 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡಾಮಿನ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು ಎಂದೆವು.

ಮೊಮ್ಮಗನಿಗೆಂದು ಕತ್ತಿಗೆ ಕಟ್ಟಿದ್ದ ಚೀಟಿಯಲ್ಲಿ 'ಅಧಿಕಾರಿ' ಎಂಬ ಪದವನ್ನು ಅವರೇ ಹೊಡೆದುಹಾಕಿ, 'ಸವಾರ' ಎಂದು ಬರೆದರು.