ಕೌದಿಯ ಒಳಗೆ, ಕೌದಿಯ ಮೇಲೆ

ಮಳೆ ತಪ್ಪಿದರೆ ‘ನಮ್ಮ ಪಾಪ’ ಎನ್ನುವವರು ಮೊರಬದ ಕಡೆ ಇಂದಿಗೂ ಇದ್ದಾರೆ. ಹವಾಮಾನ ಬದಲಾಗುತ್ತಿರುವುದು ಮನುಷ್ಯನಿಂದ ಎಂದರೆ ನಮ್ಮ ಹೆಣ್ಣುಮಕ್ಕಳಿಗೆ ಅದೂ ಪಾಪದ ಮಾತಾಗಿಯೇ ಕೇಳಿಸುತ್ತದೆ. ಇನ್ನು ಕೆಲವರು, “ಬರಾ ಅನ್ನೂದು ನಮ್ಮ ಮುತ್ಯಾನ ಕಾಲಕ್ಕೂ ಇತ್ತಲ್ರೀ, ಅಕ್ಕೋರ” ಎಂದು ಮಾತು ಮುಗಿಸುತ್ತಾರೆ.

ಇತ್ತು, ನಿಜ. 1876-78ರ ಮಹಾಬರ ಧಾರವಾಡ ಜಿಲ್ಲೆಯನ್ನೂ ಬಿಡಲಿಲ್ಲ. ಪೆಸಿಫಿಕ್ ಸಾಗರದ ನೀರು ಕಾದ ವರ್ಷಗಳಲ್ಲಿ ನಮ್ಮ ಮುಂಗಾರು ಕೈಕೊಡುವುದು ಹಳೆಯ ಸಂಗತಿ. ಆದ್ದರಿಂದ ಒಂದು ಬರವನ್ನೋ, 2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ ಉಕ್ಕಿದ್ದನ್ನೋ ತೋರಿಸಿ ‘ಇದೇ ಸಾಕ್ಷಿ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸಾಕ್ಷಿ ಇರುವುದು ಗಾಳಿಯಲ್ಲಿ.

ಅದರ ಕಡೆ ಮೊದಲು ಬೆರಳು ತೋರಿಸಿದವಳು ಒಬ್ಬ ಹೆಣ್ಣುಮಗಳು. 1856ರಲ್ಲಿ ಅಮೆರಿಕದ ಯೂನಿಸ್ ಫುಟ್ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಒಳಗೆ ಥರ್ಮಾಮೀಟರ್ ಇಟ್ಟು ಬಿಸಿಲಿಗೆ ಹಿಡಿದಳು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾಯಿತು. ಆರಲು ಬಹಳ ಹೊತ್ತು ಹಿಡಿಯಿತು. ಗಾಳಿಯಲ್ಲಿ ಇದು ಹೆಚ್ಚಾದರೆ ಭೂಮಿ ಬಿಸಿಯಾದೀತು ಎಂದು ಆಕೆ ಬರೆದಳು. ಆಲ್ಬನಿಯ ವಿಜ್ಞಾನ ಸಭೆಯಲ್ಲಿ ಆ ಲೇಖನವನ್ನು ಓದಿದವರು ಮಾತ್ರ ಜೋಸೆಫ್ ಹೆನ್ರಿ! ಭೂಮಿಯಿಂದ ಹೊರಹೋಗುವ ಶಾಖವನ್ನು ಇಂಥ ಅನಿಲಗಳು ಹಿಡಿದಿಡುತ್ತವೆಂದು 1859ರಲ್ಲಿ ತೋರಿಸಿದ ಜಾನ್ ಟಿಂಡಾಲ್ ಹೆಸರು ಪುಸ್ತಕ ಸೇರಿತು. ಫುಟ್ ಹೆಸರು ಹೊರಬರಲು ನೂರೈವತ್ತು ವರ್ಷ ಬೇಕಾಯಿತು.

ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳತೆ ಆರಂಭಿಸಿದಾಗ ಈ ಅನಿಲ ಹತ್ತು ಲಕ್ಷಕ್ಕೆ ಸುಮಾರು 315 ಭಾಗವಿತ್ತು. 2024ರಲ್ಲಿ 420 ದಾಟಿತ್ತು.

ಸೂರ್ಯನೇ ಹೆಚ್ಚು ಕಾಯುತ್ತಿರಬಹುದಲ್ಲ ಎಂದು ಕೇಳುವವರಿಗೆ ನಾನು ಕೌದಿಯ ಮಾತು ಹೇಳುತ್ತೇನೆ. ಕೌದಿಗೆ ಸ್ವಂತ ಬಿಸಿಯಿಲ್ಲ; ಮೈಬಿಸಿಯನ್ನು ಹೊರಹೋಗಗೊಡುವುದಿಲ್ಲ, ಅಷ್ಟೆ. ದಪ್ಪ ಕೌದಿಯ ಒಳಗೆ ಬೆಚ್ಚಗೆ, ಮೇಲೆ ಮುಟ್ಟಿದರೆ ತಣ್ಣಗೆ. ಬಿಸಿಲಿಗೆ ಹಾಸಿದ್ದರೆ ಮೇಲೂ ಕಾಯಬೇಕಿತ್ತು. ಗಾಳಿಯ ಲೆಕ್ಕ ಇಷ್ಟು ಸರಳವಲ್ಲದಿದ್ದರೂ ಗುರುತು ಇದೇ: ಕೆಳಗಿನ ಗಾಳಿ ಕಾದು, ಮೇಲಿನ ಸ್ತರಗೋಳ ತಣ್ಣಗಾಗಬೇಕೆಂದು ಮನಾಬೆ ಮತ್ತು ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿದ್ದರು. ಆಮೇಲೆ ಬಲೂನು, ಉಪಗ್ರಹಗಳ ಅಳತೆಯಲ್ಲಿ ಹಾಗೆಯೇ ಕಂಡಿತು. ಓಝೋನ್ ಸವೆದದ್ದೂ ಒಂದು ಕಾರಣವೇ, ಆದರೆ ಅದೊಂದೇ ಸಾಲದು.

“ಹಂಗಾರ ನಮ್ಮ ಒಲಿ ಹೊಗಿನೂ ಕಾರಣ ಏನ್ರಿ?” ಹತ್ತಿಕಟ್ಟಿಗೆ ಉರಿಸುವವರ ಪ್ರಶ್ನೆ ಇದು. ಹತ್ತಿಗಿಡ ತಾನು ಬೆಳೆದ ವರ್ಷ ಗಾಳಿಯಿಂದ ಪಡೆದ ಇಂಗಾಲವನ್ನೇ ಒಲೆಯಲ್ಲಿ ಹಿಂದಿರುಗಿಸುತ್ತದೆ. ಅದರಲ್ಲಿ ವಿಕಿರಣಶೀಲ ಇಂಗಾಲ ಒಂದಿಷ್ಟು ಇರುತ್ತದೆ. ಕೋಟ್ಯಂತರ ವರ್ಷ ನೆಲದಲ್ಲಿ ಹೂತಿದ್ದ ಕಲ್ಲಿದ್ದಲಿನಲ್ಲಿ ಅದು ಪೂರ್ತಿ ಕರಗಿಹೋಗಿದೆ. ಇತ್ತೀಚಿನ ಮರಗಳಲ್ಲಿ ಅದರ ಪಾಲು ಕುಗ್ಗಿದ್ದನ್ನು ಹಾನ್ಸ್ ಸ್ಯೂಸ್ 1955ರಲ್ಲಿ ಕಂಡರು. ಹಳೆಯ ಇಂಗಾಲ ಗಾಳಿಗೆ ಬೆರೆತಿತ್ತು. ಜ್ವಾಲಾಮುಖಿಗಳು ಉಗುಳುವುದೋ, ನಮ್ಮ ಕಾರಖಾನೆ, ವಾಹನಗಳು ಉಗುಳುವುದರ ನೂರರಲ್ಲಿ ಸುಮಾರು ಒಂದು ಪಾಲು.

ಹಾಗೆಂದು ಒಲೆಯ ಹೊಗೆ ಒಳ್ಳೆಯದೆಂದಲ್ಲ. ಅದು ಕಣ್ಣಿಗೂ ಎದೆಗೂ ಕೆಟ್ಟದ್ದು. ಆ ಮಾತು ಬೇರೆ.