ಹೆಗಲೇರಿ ಬಂದ ಕಥೆಗಳು

ವರದೆ ತುಂಗಭದ್ರೆಯನ್ನು ಕೂಡಿಕೊಳ್ಳುವ ಜಾಗದಲ್ಲಿ ಗಳಗನಾಥ ಎಂಬ ಊರಿದೆ, ಹಾವೇರಿ ತಾಲೂಕಿಗೆ ಸೇರಿದ್ದು. ಚಾಲುಕ್ಯರ ಕಾಲದ ಗಳಗೇಶ್ವರ ಗುಡಿಯನ್ನು ನೋಡಲು ಜನ ಅಲ್ಲಿಗೆ ಹೋಗುತ್ತಾರೆ. ನನಗೆ ಆ ಊರು ದೊಡ್ಡದಾದದ್ದು ಬೇರೆ ಕಾರಣಕ್ಕೆ. 1869ರಲ್ಲಿ ಅಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿ ಊರಿನ ಹೆಸರನ್ನೇ ತಮ್ಮದಾಗಿಸಿಕೊಂಡು ಕಾದಂಬರಿ ಬರೆದರು, ಬರೆದದ್ದನ್ನು ಅಚ್ಚು ಮಾಡಿಸಿದರು, ಅಚ್ಚಾದದ್ದನ್ನು ಗಂಟು ಕಟ್ಟಿ ಹೊತ್ತುಕೊಂಡು ಊರೂರು ನಡೆದು ಮಾರಿದರು. ಬರೆಯುವವರು ಎಲ್ಲ ಕಾಲಕ್ಕೂ ಇದ್ದಾರೆ. ಓದುಗರ ಬಾಗಿಲಿಗೆ ಕಾಲ್ನಡಿಗೆಯಲ್ಲಿ ಬಂದವರು ಎಷ್ಟು ಮಂದಿ?

ನಮ್ಮ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಓದಿದವರ ಮನೆಯಲ್ಲಿ ಮರಾಠಿ ಪುಸ್ತಕ ಇರುತ್ತಿದ್ದವು, ಕನ್ನಡದಲ್ಲಿ ಮನರಂಜನೆಗೆಂದು ಓದಲು ಸಿಗುತ್ತಿದ್ದದ್ದು ಕಡಿಮೆ. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಈ ಕೊರತೆ ನೀಗಲು ಹೊಸ ಬರವಣಿಗೆಗೆ ಬಹುಮಾನ ಕೊಡತೊಡಗಿತು. ಗಳಗನಾಥರ ‘ಪ್ರಬುದ್ಧ ಪದ್ಮನಯನೆ’ಗೆ ಆ ಬಹುಮಾನ ಬಂತು. ಮುಂದೆ ಅವರು ಮಾಸ್ತರಿಕೆ ಬಿಟ್ಟರು. ಹಾವೇರಿಗೆ ಹತ್ತಿರದ ಅಗಡಿಯ ಆನಂದವನದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು, ಅದರ ಹೊಣೆ ಇವರ ಮೇಲೆ ಬಿತ್ತು. ಹಳ್ಳಿಯೊಂದರಿಂದ ಹೊರಟ ಪತ್ರಿಕೆಗೆ ನಾಡಿನ ತುಂಬ ಚಂದಾದಾರರಾದರು. ವಿಜಯನಗರದ ಪತನವನ್ನು ಹೇಳುವ ಹರಿ ನಾರಾಯಣ ಆಪಟೆಯವರ ಮರಾಠಿ ‘ವಜ್ರಾಘಾತ’ ಅವರ ಕೈಯಲ್ಲಿ ‘ಕನ್ನಡಿಗರ ಕರ್ಮಕಥೆ’ಯಾಯಿತು. 1923ರಲ್ಲಿ ವಿದ್ಯಾರಣ್ಯರನ್ನು ಕುರಿತ ‘ಮಾಧವ ಕರುಣಾ ವಿಲಾಸ’ ಬಂತು. 1942ರಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕು ಬರೆಯುವುದು, ಅಚ್ಚು ಹಾಕಿಸುವುದು, ಮಾರುವುದು, ಈ ಮೂರರಲ್ಲೇ ಕಳೆಯಿತು.

ಸಾಹಿತ್ಯ ಚರಿತ್ರೆಯ ಪುಸ್ತಕಗಳು ಅವರನ್ನು ಐತಿಹಾಸಿಕ ಕಾದಂಬರಿಕಾರರೆಂದು ಕರೆಯುತ್ತವೆ. ನನ್ನ ಕಪಾಟಿನಲ್ಲಿ ಅವರು ಇರುವುದು ಮೇಲಿನ ಸಾಲಿನಲ್ಲಿ, ಅದ್ಭುತ ಕಥೆಗಳ ಜೊತೆ. ‘ಮಾಧವ ಕರುಣಾ ವಿಲಾಸ’ ಓದಿದವರು ಇದನ್ನು ಒಪ್ಪುತ್ತಾರೆಂದು ನಂಬಿದ್ದೇನೆ. ತಪಸ್ಸು, ದೈವದ ಅನುಗ್ರಹ, ಬೀಳುವ ರಾಜ್ಯ, ಏಳುವ ರಾಜ್ಯ, ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಬರುವ ಬರವಣಿಗೆಯಲ್ಲಿ ಚರಿತ್ರೆ ಎಲ್ಲಿ ಮುಗಿಯಿತು, ಐತಿಹ್ಯ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಮನಸ್ಸೇ ಬರುವುದಿಲ್ಲ. ಇನ್ನೊಂದು ಮಾತೂ ಇದೆ. ಗಳಗನಾಥದ ದಂಡೆಗೆ ನಿಂತವರ ಮುಂದೆ ಹರಿಯುವ ನೀರೇ ಮುಂದೆ ಹಂಪಿಗೆ ಹೋಗುತ್ತದೆ. ಅವರು ಕಲ್ಪಿಸಿಕೊಂಡ ಸಾಮ್ರಾಜ್ಯ ಅವರ ಊರ ಹೊಳೆಯ ಕೆಳದಂಡೆಯಲ್ಲೇ ಇತ್ತು. ಎಷ್ಟೇ ಎತ್ತರಕ್ಕೆ ಏರಿದರೂ ಆ ಕಥೆಯ ಕಾಲು ನಮ್ಮ ನೆಲದಲ್ಲಿದೆ.

ನಾನು ಹುಟ್ಟಿದ್ದು ಬ್ಯಾಡಗಿಯಲ್ಲಿ. ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ದಿವಾನಜಿ, ಅಂದರೆ ಕಿರ್ದಿ-ಖಾತೆ ಬರೆಯುವವರು. ನಾನು ಸಣ್ಣಾಕಿ ಇದ್ದಾಗ ನಮ್ಮೂರ ಪುಸ್ತಕದ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಸಾಲಿ ಪುಸ್ತಕ, ಪಾಟಿ, ಪಂಚಾಂಗ. ಕಥೆಯ ಪುಸ್ತಕ ಬೇಕೆಂದರೆ ಜಾತ್ರೆ ಬರಬೇಕು, ಇಲ್ಲವೆ ಯಾರಾದರೂ ಹುಬ್ಬಳ್ಳಿಗೆ ಹೋಗಿಬರಬೇಕು. ಜಾತ್ರೆಯಲ್ಲಿ ಗೋಣಿತಟ್ಟಿನ ಮೇಲೆ ಹರಡಿ ಮಾರುತ್ತಿದ್ದ ಬತ್ತೀಸ ಪುತ್ಥಳಿ ಕಥೆ, ದೊಡ್ಡಾಟದ ಹಾಡಿನ ಪುಸ್ತಕಗಳನ್ನು ಅವ್ವ ಕೊಳ್ಳುತ್ತಿದ್ದಳು. ಅವ್ವನಿಗೆ ಓದು ಬರುತ್ತಿರಲಿಲ್ಲ. ಕೊಂಡು ತಂದು ನನ್ನ ಕೈಯಲ್ಲಿಟ್ಟು, ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ‘ನಿಧಾನ ಓದ ಮಗಳ, ಆ ಗೊಂಬಿ ಏನಂತು ಇನ್ನೊಮ್ಮೆ ಹೇಳು’ ಎನ್ನುವಳು. ನನ್ನ ಸಂಗ್ರಹ ಶುರುವಾದದ್ದು ಅವಳ ದುಡ್ಡಿನಿಂದ.

ಅಪ್ಪ ತರುತ್ತಿದ್ದದ್ದು ‘ಚಂದಮಾಮ’. ನಾಗಿ ರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ಮದ್ರಾಸಿನಿಂದ ತೆಲುಗು, ತಮಿಳಿನಲ್ಲಿ ಹೊರಡಿಸಿದ ಆ ಪತ್ರಿಕೆ ಬೇಗನೆ ಕನ್ನಡಕ್ಕೂ ಬಂತು. ವರ್ಷದ ಸಂಚಿಕೆಗಳನ್ನು ಅಪ್ಪ ಒಟ್ಟು ಮಾಡಿ, ಅಂಗಡಿಯ ಖಾತೆ ಪುಸ್ತಕ ಹೊಲಿಯುವವನ ಕಡೆಯೇ ರಟ್ಟು ಹಾಕಿಸುತ್ತಿದ್ದರು. ಹಾಗಾಗಿ ನನ್ನ ಬೇತಾಳ, ನನ್ನ ಮಾಂತ್ರಿಕರು, ನನ್ನ ರಾಕ್ಷಸರು ಎಲ್ಲರೂ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕಗಳೊಳಗೆ ಇದ್ದಾರೆ. ಸೋಮವಾರ, ಗುರುವಾರದ ಮಾರುಕಟ್ಟೆಯ ದಿನ ಊರೆಲ್ಲ ಮೆಣಸಿನಕಾಯಿ ಘಾಟು. ಆ ಪುಟಗಳನ್ನು ಈಗ ತೆರೆದರೂ ಮೂಗಿಗೆ ಅದು ತಾಗುತ್ತದೆಂದು ನನಗೆ ಅನ್ನಿಸುತ್ತದೆ.

ಆ ಧಾರಾವಾಹಿಗಳನ್ನು ಬರೆದವರು ಯಾರೆಂದು ನಮಗೆ ಗೊತ್ತಿರಲಿಲ್ಲ, ಪತ್ರಿಕೆ ಹೆಸರು ಹಾಕುತ್ತಿರಲಿಲ್ಲ. ದಾಸರಿ ಸುಬ್ರಹ್ಮಣ್ಯಂ ಎಂಬ ತೆಲುಗು ಲೇಖಕರು ಅವುಗಳಲ್ಲಿ ಅನೇಕವನ್ನು ಬರೆದರೆಂದು ತಿಳಿದದ್ದು ನನ್ನ ಕೂದಲು ನೆರೆತ ಮೇಲೆ. ತಿಳಿದ ದಿನ, ಇಷ್ಟು ವರ್ಷ ಹೆಸರಿಲ್ಲದೆ ನನ್ನ ಮನೆಯಲ್ಲಿ ಇದ್ದವರೊಬ್ಬರ ಗುರುತು ಸಿಕ್ಕಿತೆಂದು ಸಂತೋಷಪಟ್ಟೆ. ಹೆಣ ಹೊತ್ತು ನಡೆಯುವ ವಿಕ್ರಮನ ಆ ಚಿತ್ರ ಶಂಕರ್ ಅವರದು. ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ನಮ್ಮವರೇ, ಕನ್ನಡಿಗರು.

ಬೇತಾಳನ ಕಥೆಗಳು ನನಗೆ ಒಂದು ವಿಷಯ ಕಲಿಸಿದವು: ಅದ್ಭುತಕ್ಕೂ ಕಟ್ಟಳೆ ಬೇಕು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಒಡೆಯುತ್ತದೆ, ಹೇಳಿದರೆ ಮೌನ ಮುರಿದು ಹೆಣ ಮತ್ತೆ ಮರಕ್ಕೆ ಹೋಗುತ್ತದೆ. ಏನು ಬೇಕಾದರೂ ಆಗಬಹುದಾದ ಕಥೆಯಲ್ಲಿ ಕೇಳುವವರಿಗೆ ಆತಂಕವೇ ಇರುವುದಿಲ್ಲ. ಈ ಅಳತೆಗೋಲು ಹಿಡಿದು ನೋಡಿದಾಗ ನನಗೆ ಎಲ್ಲಕ್ಕಿಂತ ಎತ್ತರದಲ್ಲಿ ಕಾಣುವುದು ಕನಕದಾಸರ ‘ರಾಮಧಾನ್ಯ ಚರಿತೆ’.

ಕನಕರು ಹುಟ್ಟಿದ ಬಾಡ ಶಿಗ್ಗಾಂವಿ ತಾಲೂಕಿನಲ್ಲಿದೆ, ಅವರ ಕಾಗಿನೆಲೆ ನಮ್ಮ ಬ್ಯಾಡಗಿ ತಾಲೂಕಿನಲ್ಲಿದೆ. ರಾಮನ ಮುಂದೆ ರಾಗಿಗೂ ನೆಲ್ಲಿಗೂ ಜಗಳ ಹತ್ತುತ್ತದೆ, ಯಾರು ಹೆಚ್ಚು ಎಂದು. ಧಾನ್ಯಗಳು ಮಾತಾಡುತ್ತವೆ, ಒಂದನ್ನೊಂದು ಜರಿಯುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ತೆರೆದು ನೋಡಿದರೆ ನೆಲ್ಲು ಸತ್ವಗುಂದಿದೆ, ರಾಗಿ ಹಾಗೇ ಇದೆ. ನಾನು ಇದನ್ನು ಹೈಸ್ಕೂಲಿನಲ್ಲಿ ಕಲಿಸುವಾಗ ರೈತರ ಮಕ್ಕಳಿಗೆ ಅರ್ಥ ಹೇಳುವ ಗೋಜೇ ಇರಲಿಲ್ಲ. ಹಗೇವಿನಲ್ಲಿ ಕಾಳು ತುಂಬಿಟ್ಟು ಬರಗಾಲ ದಾಟಿದ ಮನೆಗಳಿಗೆ ಯಾವ ಕಾಳು ಎಷ್ಟು ಕಾಲ ತಾಳುತ್ತದೆಂದು ಗೊತ್ತು. ಮಾತಾಡುವ ಕಾಳು ಕಲ್ಪನೆ, ಸೆರೆಮನೆಯ ಫಲಿತಾಂಶ ಮಾತ್ರ ಅನುಭವ. ಬಡವರ ಅನ್ನವನ್ನು ಗೆಲ್ಲಿಸಲು ಕನಕರು ಹೊರಗಿನಿಂದ ಯಾವ ಪವಾಡವನ್ನೂ ತರಲಿಲ್ಲ. ಅವರ ‘ನಳಚರಿತ್ರೆ’ಯ ಹಂಸವನ್ನೂ ಕಾರ್ಕೋಟಕನನ್ನೂ ಪ್ರೀತಿಸುತ್ತೇನೆ, ಆದರೆ ರಾಗಿಯ ಎದುರು ಅವು ಎರಡನೆಯ ಸಾಲಿಗೆ ಹೋಗುತ್ತವೆ.

ಪುಸ್ತಕ ಬರುವುದಕ್ಕೂ ಮೊದಲು ಇಂಥ ಕಥೆಗಳು ನಮ್ಮಲ್ಲಿ ಕಲ್ಲಿನ ಮೇಲಿದ್ದವು. ಸರ್ವಜ್ಞನ ಹೆಸರಿನೊಂದಿಗೆ ಸೇರಿಕೊಂಡ ಅಬಲೂರಿನಲ್ಲಿ ಸೋಮೇಶ್ವರ ಗುಡಿ ಇದೆ. ಏಕಾಂತದ ರಾಮಯ್ಯ ಪಂಥ ಕಟ್ಟಿ ತನ್ನ ತಲೆಯನ್ನು ಅರಿದುಕೊಂಡು ಮರಳಿ ಪಡೆದ ಕಥೆಯನ್ನು ಅಲ್ಲಿನ ಶಾಸನ ಹೇಳುತ್ತದೆ, ಶಿಲ್ಪವೂ ತೋರಿಸುತ್ತದೆ. ಎರಡು ಮತಗಳ ಜಗಳದ ನೋವೂ ಆ ಕಲ್ಲಿನಲ್ಲಿದೆ, ಅದನ್ನು ಮರೆತು ಓದಬಾರದು.

ಮದುವೆಯಾಗಿ ರಾಣೆಬೆನ್ನೂರಿಗೆ ಬಂದ ಮೇಲೆ ಪುಸ್ತಕ ಅಂಚೆಯಲ್ಲಿ ಬರತೊಡಗಿದವು. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಗೆ ಚಂದಾ ತುಂಬಿದರೆ ವರ್ಷದ ಪುಸ್ತಕಗಳು ಮನೆಗೇ ಬರುತ್ತಿದ್ದವು. ಗಳಗನಾಥರು ನಡೆದು ಮಾಡಿದ ಕೆಲಸವನ್ನು ಈಗ ರೈಲು ಮತ್ತು ಅಂಚೆಯವ ಮಾಡಿದರು. ಗಿರೀಶ ಕಾರ್ನಾಡರ ‘ಹಯವದನ’ ಓದಿದಾಗ ತಲೆಗಳು ಅದಲುಬದಲಾಗುವ ಹಳೆಯ ಬೇತಾಳನ ಕಥೆಯನ್ನು ಅಲ್ಲಿ ಗುರುತಿಸಿದೆ. ರಟ್ಟಿನ ಚಂದಮಾಮವನ್ನು ಪಕ್ಕದಲ್ಲಿಟ್ಟುಕೊಂಡೇ ಅದನ್ನು ಮತ್ತೊಮ್ಮೆ ಓದಿದೆ. ಈ ಊರಿನಲ್ಲಿ 1923ರಲ್ಲಿ, ‘ಮಾಧವ ಕರುಣಾ ವಿಲಾಸ’ ಬಂದ ವರ್ಷವೇ, ಹುಟ್ಟಿದವರು ಸು.ರಂ. ಎಕ್ಕುಂಡಿ. ಪದ್ಯದಲ್ಲಿ ಕಥೆ ಹೇಳುವ ಅವರ ಬಗೆ ನನಗೆ ಬಹಳ ಇಷ್ಟ, ಮಕ್ಕಳಿಂದ ಗಟ್ಟಿಯಾಗಿ ಓದಿಸಬೇಕಾದ ಬರವಣಿಗೆ ಅದು.

ಮೊಮ್ಮಗ ಬೆಂಗಳೂರಿನಿಂದ ಟೋಲ್ಕಿನ್ ಅವರ ‘ದಿ ಹಾಬಿಟ್’ ತಂದುಕೊಟ್ಟ. 1937ರ ಪುಸ್ತಕ. ನಿಘಂಟು ಹಿಡಿದು ನಿಧಾನವಾಗಿ ಓದಿದೆ. ಬಿಲ, ಊಟ, ಬಂಧುಬಳಗ ಬಿಟ್ಟು ಹೊರಡಲು ಹಿಂಜರಿಯುವ ಆ ಸಣ್ಣ ಜೀವವನ್ನು ಮೆಚ್ಚಿಕೊಂಡೆ. ಆದರೆ ಇಂಥದ್ದು ಕನ್ನಡದಲ್ಲಿ ಇಲ್ಲ ಎಂದು ಅವನು ಹೇಳಿದಾಗ ಸುಮ್ಮನಿರಲಾಗಲಿಲ್ಲ. ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ ಕೊಟ್ಟೆ. 2006ರಲ್ಲಿ ಬಂದದ್ದು, ಅವರ ‘ಚಕೋರಿ’ ಕಾವ್ಯದ ಲೋಕದಿಂದ ಹೊರಟದ್ದು. ವಿದ್ಯೆಯನ್ನು ಅಧಿಕಾರಕ್ಕೆ ಒತ್ತೆ ಇಡುವವನ ಕಥೆ ಅದರಲ್ಲಿದೆ, ಶಿವಾಪುರದ ಬೆಟ್ಟ ಕಾಡುಗಳೂ ಇವೆ.

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ದೊಡ್ಡರಂಗೇಗೌಡರು ಅಧ್ಯಕ್ಷರು. ಗೋಷ್ಠಿಗಳಿಗಿಂತ ಹೆಚ್ಚು ಹೊತ್ತು ನಾನು ಪುಸ್ತಕ ಮಳಿಗೆಗಳಲ್ಲಿ ಕಳೆದೆ. ಹಳ್ಳಿಯಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಮಗನಿಗೆ ವಿಕ್ರಮ-ಬೇತಾಳದ ಪುಸ್ತಕ ಹುಡುಕುತ್ತಿದ್ದಳು. ಒಳ್ಳೆಯ ಚಿತ್ರ, ದೊಡ್ಡ ಅಕ್ಷರ ಇರುವುದನ್ನು ಇಬ್ಬರೂ ಕೂಡಿ ಆರಿಸಿದೆವು. ‘ಅಕ್ಕಾರ, ಇದನ್ನ ಓದಿ ಮುಗಿಸಿದ ಮ್ಯಾಲೆ ಯಾವುದು ಕೊಡಿಸ್ಲಿ?’ ಎಂದು ಕೇಳಿದಳು. ಗದ್ಯಕ್ಕೆ ತಿರುಗಿಸಿದ ‘ರಾಮಧಾನ್ಯ ಚರಿತೆ’ ಸಿಕ್ಕರೆ ಕೊಡಿಸು ಎಂದು ಹೇಳಿ, ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟೆ.